ತ್ರಿಶಲಾ ಹೆಸರಿನಲ್ಲಿ ಬಂದ ಕ್ಷಮೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಐನಾಪುರದ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟು ಒಂಬತ್ತು ವರ್ಷವಾಯಿತು. ಆಧಾರ್ ತಿದ್ದುವುದು, ಪಹಣಿ ತೆಗೆಯುವುದು, ಹುಡುಗರ ಅರ್ಜಿ ತುಂಬುವುದು, ಎಲ್ಲ ಮಾಡುತ್ತೇನೆ. ಸರ್ವರ್ ನಿಂತಾಗ ಜನ ನನ್ನ ಮುಖ ನೋಡುತ್ತಾರೆ, ಅದನ್ನು ನಾನೇ ನಿಲ್ಲಿಸಿದ ಹಾಗೆ. ಇಂಥ ನನ್ನ ಅಂಗಡಿಗೆ ದಿನಾ ಹನ್ನೊಂದಕ್ಕೆ ಬಂದು, ಕುರ್ಚಿ ಎಳೆದುಕೊಂಡು ಕೂತು, "ನೀಲಮ, ಇವತ್ತ ಯಾರ್ಯಾರ ಬರದಾರ ನೋಡು" ಅನ್ನುವವರು ಸುಗಂಧಾ ಅಕ್ಕೋರು. ಕನ್ನಡ ಶಾಲೆಯಲ್ಲಿ ಮೂವತ್ತೆರಡು ವರ್ಷ ಕಲಿಸಿ ನಿವೃತ್ತರಾದವರು. ಮೂರನೇ ಇಯತ್ತೆಯಲ್ಲಿ ನನಗೂ ಕಲಿಸಿದ್ದರು. ಹಾಗಾಗಿ ಅವರ ಮುಂದೆ ಮಾತ್ರ ನನ್ನ ಸಿಟ್ಟು ನಡೆಯುವುದಿಲ್ಲ.

ಅಕ್ಕೋರಿಗೆ ಫೋನಿನ ಅಕ್ಷರ ಕಾಣುವುದಿಲ್ಲ. ಅದಕ್ಕೆ ತಮಗೆ ಬಂದ ಪ್ರತಿಯೊಂದು ಇ-ಮೇಲನ್ನೂ ಪ್ರಿಂಟ್ ತೆಗೆಸುತ್ತಾರೆ. ಸಾಲ ಕೊಡುತ್ತೇವೆ ಅನ್ನುವ ಜಾಹೀರಾತನ್ನೂ ಬಿಡುವುದಿಲ್ಲ. "ಕಸ ಅದು, ಅಕ್ಕೋರ. ಯಾಕ ಕಾಗದ ಹಾಳ ಮಾಡ್ತೀರಿ?" ಅಂದರೆ, "ಕಸದಾಗ ಏನೇನ ಐತಿ ಅಂತ ನೋಡಬೇಕಲ್ಲ ಮತ್ತ" ಅನ್ನುತ್ತಾರೆ. ಯಾರು ಬರೆದರು, ಎಲ್ಲಿ ಕೂತು ಬರೆದರು, ನಮ್ಮ ಹೆಸರು ಅವರಿಗೆ ಹೇಗೆ ಗೊತ್ತಾಯಿತು, ಇದೇ ಅವರ ಚೌಕಶಿ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲವೇ ಅಂದರೆ, ಮಗ ಸೊಸೆ ಮೊಮ್ಮಗ ಎಲ್ಲ ಇದ್ದಾರೆ. ಇದು ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ.

ಒಮ್ಮೆ ಮಿಕ್ಸರಿನ ಒಂದು ಮುಚ್ಚಳಕ್ಕಾಗಿ ಕಂಪನಿಗೆ ಹನ್ನೊಂದು ಮೇಲ್ ಬರೆಸಿದರು. ಪ್ರತಿ ಸಲವೂ ಉತ್ತರ ಬಂತು, ಪ್ರತಿ ಉತ್ತರದ ಕೊನೆಗೂ ಒಂದೇ ಸಾಲು: ಈ ವಿಳಾಸಕ್ಕೆ ಉತ್ತರಿಸಬೇಡಿ. "ಉತ್ತರ ಬ್ಯಾಡಾಗಿದ್ರ ಪತ್ರ ಯಾಕ ಬರದ್ರವಾ ಇವರು?" ಅಂತ ಅಕ್ಕೋರು ಎರಡು ದಿನ ಅದನ್ನೇ ಯೋಚಿಸಿದರು. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಅರ್ಧ ತಾಸು ಹಾರ್ಮೋನಿಯಮ್ಮಿನ ಸಂಗೀತ. ನನಗೆ ತಲೆ ಕೆಟ್ಟು ಸ್ಟೇಪ್ಲರ್ ಎತ್ತಿ ಗೋಡೆಗೆ ಒಗೆದೆ. ಅಕ್ಕೋರು ಫೋನನ್ನು ಕಿವಿಗೆ ಒತ್ತಿಕೊಂಡೇ, "ಈ ಪೇಟಿ ಯಾರ ಬಾರಿಸಿರಬೇಕು? ಚಲೋ ಬಾರಿಸ್ಯಾರ" ಅಂದರು.

ಅವರು ಕಂಡುಕೊಂಡ ಒಂದು ಸತ್ಯ ಹೀಗಿದೆ. ಅಸಲಿ ಕಂಪನಿಯವರು ನಮ್ಮ ಮಾತು ಕೇಳುವುದೇ ಇಲ್ಲ. ಕಳ್ಳರು ಮಾತ್ರ ಬರೆದ ಐದು ನಿಮಿಷದಲ್ಲಿ ಉತ್ತರ ಕೊಡುತ್ತಾರೆ, ಅದೂ ಕೈ ಮುಗಿದು. ಹೀಗಾಗಿಯೇ ಜನ ಕಳ್ಳರನ್ನು ನಂಬುತ್ತಾರೆ ಅನ್ನುವುದು ಅಕ್ಕೋರ ಲೆಕ್ಕಾಚಾರ. ಊರಿಗೆಲ್ಲ ಅವರು ಹೇಳಿಕೊಟ್ಟದ್ದು ಒಂದೇ ಮಾತು: "ಪತ್ರದಾಗ ಕೊಟ್ಟ ನಂಬರಿಗೆ ಫೋನ್ ಮಾಡಬ್ಯಾಡ್ರಿ. ಪತ್ರ ಬರೂಕಿಂತ ಮೊದಲ ನಿಮಗ ಗೊತ್ತಿದ್ದ ಬಾಗಿಲಾ ಬಡೀರಿ." ಕರೆಂಟ್ ಕಡಿಯುತ್ತೇವೆ ಅಂತ ಸತ್ತೆಪ್ಪನಿಗೆ ಮೇಲ್ ಬಂದಾಗ ಅವನ ಕೈ ಹಿಡಿದು ಕರೆಂಟ್ ಆಫೀಸಿಗೇ ಕರೆದೊಯ್ದರು. ಅಲ್ಲಿಯವರು ಅಂಥದ್ದೇನೂ ಇಲ್ಲ ಅಂದ ಮೇಲೇ ಅವನಿಗೆ ಉಸಿರು ಬಂತು. "ಊರ ಚಿಂತಿ ಮಾಡಿ ಮುಲ್ಲಾ ಸೊರಗಿದನಂತ ಅಕ್ಕೋರ" ಅಂತ ನಾನು ಚಾಷ್ಟಿ ಮಾಡಿದರೆ, "ನಾ ಎಲ್ಲೆ ಸೊರಗೀನಿ, ವರ್ಷಾ ಕುಬಸ ದೊಡ್ಡದು ಹೊಲಸಾಕತ್ತೀನಿ" ಅನ್ನುತ್ತಿದ್ದರು.

ಆದರೆ ಈ ಊರ ಚಿಂತೆಯಲ್ಲೇ ಅಕ್ಕೋರು ಒಬ್ಬ ಗೆಳತಿಯನ್ನು ಕಳೆದುಕೊಂಡಿದ್ದರು. ಆಕೆ ಹಾರೂಗೇರಿಯ ತ್ರಿಶಲಾ. ಚಿಕ್ಕೋಡಿಯಲ್ಲಿ ಶಿಕ್ಷಕಿಯರ ತರಬೇತಿಗೆ ಇದ್ದಾಗ ಇಬ್ಬರಿಗೂ ಒಂದೇ ಖೋಲಿ, ಒಂದೇ ಬುತ್ತಿ. ಮದುವೆಯಾದ ಮೇಲೆ ತ್ರಿಶಲಾ ನೌಕರಿ ಬಿಟ್ಟು ಗಂಡ ಆಬಾಸಾಹೇಬರ ಅಂಗಡಿಯ ಗಲ್ಲೆಯಲ್ಲಿ ಕೂತರು. ಪಾತ್ರೆ ಮತ್ತು ಗ್ಯಾಸ್ ಒಲೆಯ ಅಂಗಡಿ ಅದು. ಹನ್ನೆರಡು ವರ್ಷದ ಹಿಂದೆ, ಅಕ್ಕೋರ ಹೊಲದ ಕೆಲಸಕ್ಕೆ ಬರುವ ಸಾವಕ್ಕ ಆ ಅಂಗಡಿಯಲ್ಲಿ ಕೊಂಡ ಒಲೆ ಹೊತ್ತಿಕೊಂಡು ಅವಳ ಬಲಗೈ ಸುಟ್ಟಿತು. ಅಕ್ಕೋರು ಫೋಟೋ ತೆಗೆಸಿ ನೇರ ಕಂಪನಿಗೆ ಬರೆದರು. ಆ ಒಂದು ಸಲ ಮಾತ್ರ ಕಂಪನಿ ಚುರುಕಾಯಿತು. ತಪ್ಪೆಲ್ಲ ಅಂಗಡಿಯದು ಅಂತ ಬರೆದು ಕೈ ತೊಳೆದುಕೊಂಡಿತು. ಸಾವಕ್ಕನಿಗೆ ಹೊಸ ಒಲೆ ಬಂತು, ಆಬಾಸಾಹೇಬರ ಏಜೆನ್ಸಿ ಹೋಯಿತು, ವರ್ಷದೊಳಗೆ ಅಂಗಡಿಯೂ ಮುಚ್ಚಿತು. ಅಂದಿನಿಂದ ಗೆಳತಿಯರ ನಡುವೆ ಮಾತಿಲ್ಲ.

ಅಕ್ಕೋರು, ತ್ರಿಶಲಾ ಇಬ್ಬರೂ ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣದವರು. ಅವರಲ್ಲಿ ಭಾದ್ರಪದದ ಹತ್ತು ದಿನದ ವ್ರತ ಮುಗಿದ ಮೇಲೆ ಕ್ಷಮಾವಾಣಿ ಅಂತ ಒಂದು ದಿನ ಬರುತ್ತದೆ. ಅವತ್ತು ಚಿಕ್ಕವರು ದೊಡ್ಡವರು ಅನ್ನದೆ ಎಲ್ಲರೂ ಎಲ್ಲರಿಗೂ ಕೈ ಮುಗಿದು "ಉತ್ತಮ ಕ್ಷಮಾ" ಅನ್ನುತ್ತಾರೆ. ನಾವು ಬೌದ್ಧರು, ಆದರೂ ಅಕ್ಕೋರು ವರ್ಷವೂ ನನ್ನ ಅಂಗಡಿಗೆ ಬಂದು, "ಮೂರನೇತ್ತದಾಗ ನಿನ್ನ ಕಿವಿ ಹಿಂಡಿದ್ನಿ, ತಪ್ಪಾತು" ಅನ್ನುತ್ತಾರೆ. ಹಾರೂಗೇರಿಗೆ ಮಾತ್ರ ಹೋಗುತ್ತಿರಲಿಲ್ಲ. ಕೇಳಿದರೆ ಹೇಳುತ್ತಿದ್ದರು: "ತಪ್ಪ ಮಾಡಿದ್ರ ಕೇಳಬಹುದು. ಸುಟ್ಟ ಕೈ ಸಲುವಾಗಿ ಬರದದ್ದು ಹೆಂಗ ತಪ್ಪಾಗ್ತೈತಿ?" ತ್ರಿಶಲಾ ತಾವಾಗಿ ಬರಲಿ ಅಂತ ಅವರು ಕಾಯುತ್ತಿದ್ದದ್ದು ನನಗೆ ಗೊತ್ತಿತ್ತು.

ಹೋದ ವರ್ಷದ ಕ್ಷಮಾವಾಣಿಯ ದಿನ. ಮುಂಜಾನೆಯಿಂದ ಮಳೆ ಜಿನುಗುತ್ತಿತ್ತು. ಅಕ್ಕೋರ ಮೇಲ್ ತೆಗೆದು ನಾಲ್ಕು ಹಾಳೆ ಪ್ರಿಂಟ್ ಕೊಟ್ಟು ನಾನು ಬೇರೆಯವರ ಅರ್ಜಿಗೆ ಕೂತೆ. ತಿರುಗಿ ನೋಡಿದರೆ ಒಂದೇ ಹಾಳೆಯನ್ನು ಮತ್ತೆ ಮತ್ತೆ ಓದುತ್ತಿದ್ದರು.

"ನೀಲಮ, ತ್ರಿಶಲಾ ಬರದಾಳ."

ಓದಿದೆ. ಹೆಸರು ತ್ರಿಶಲಾ ಅವರದು, ವಿಳಾಸವೂ ಅವರದೇ. "ಉತ್ತಮ ಕ್ಷಮಾ. ತಿಳಿದೋ ತಿಳಿಯದೆಯೋ ನನ್ನಿಂದ ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ. ನಿಮಗಾಗಿ ಒಂದು ಕಾರ್ಡ್ ಕಳಿಸಿದ್ದೇನೆ. ತೆರೆಯಲು ಇಲ್ಲಿ ಒತ್ತಿ, ನಿಮ್ಮ ಮೇಲ್ ಪಾಸ್‌ವರ್ಡ್ ಹಾಕಿ." ಕಳ್ಳರು ಇಷ್ಟು ದಿನ ಬ್ಯಾಂಕಿನ ಹೆಸರು ಹೇಳುತ್ತಿದ್ದರು, ಕರೆಂಟಿನ ಹೆಸರು ಹೇಳುತ್ತಿದ್ದರು. ಈಗ ಕ್ಷಮೆಗೂ ಬಂದರು.

"ಕ್ಷಮಾ ಕೇಳಾಕ ಪಾಸ್‌ವರ್ಡ್ ಯಾಕ ಬೇಕ್ರಿ ಅಕ್ಕೋರ? ಕಳ್ಳರದು ಇದು."

"ಅಕೀಗೆ ಇದೆಲ್ಲಾ ಬರಂಗಿಲ್ಲ. ಯಾರರ ಕೈಲೆ ಮಾಡಿಸಿರಬೇಕು. ನೀ ತಗಿ, ನಾ ಹಾಕ್ತೀನಿ ಪಾಸ್‌ವರ್ಡ್."

"ಊರಿಗೆಲ್ಲ ಬುದ್ಧಿ ಹೇಳಿದಾವ್ರು ನೀವ. ಹೇಳೂದು ಆಚಾರ, ತಿನ್ನೂದು ಬದನಿಕಾಯಿ ಅನ್ನೂ ಹಂಗಾತು."

ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕೋರು ಬೈಯಲಿಲ್ಲ. ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಸುಳ್ಳ ಇದ್ರ ಚಿಂತಿಲ್ಲ. ಖರೇನ ಇದ್ದು ನಾ ಉತ್ತರಾ ಕೊಡಲಿಲ್ಲಂದ್ರ? ಇವತ್ತಿನ ದಿವಸ ಕೇಳಿದಾಕಿಗೆ ಇಲ್ಲ ಅಂದಂಗಾಗ್ತೈತಿ" ಅಂದರು. ಅಷ್ಟರಲ್ಲಿ ಅವರ ಹಳೆಯ ಚಾಳಿ ಮತ್ತೆ ತಲೆ ಎತ್ತಿತು.

"ಕಳ್ಳ ಬರದಾನ ಅಂತ ಇಟ್ಕೋ. ಅವಂಗ ನನ್ನ ವಿಳಾಸ ಎಲ್ಲೆ ಸಿಕ್ತು?"

"ಅವರ ಮೇಲ್ ಕಳ್ಳರ ಕೈಗೆ ಸಿಕ್ಕಿರಬೇಕ್ರಿ. ಅದರಾಗ ಯಾರ್ಯಾರ ಹೆಸರ ಉಳಿಸಿಟ್ಟಾರೊ, ಅವರಿಗೆಲ್ಲಾ ತಾನ ಹೋಗ್ತೈತಿ."

"ಅಂದ್ರ ತ್ರಿಶಲಾ ನನ್ನ ಹೆಸರ ಇನ್ನೂ ಅಳಿಸಿಲ್ಲ."

ಎದ್ದು ನಿಂತರು. ಫೋನ್ ಹಚ್ಚಿದರೆ ಹಳೆಯ ನಂಬರ್ ಬಂದ್ ಆಗಿತ್ತು. "ಬಾಗಿಲಾ ಗೊತ್ತೈತಲ್ಲ, ನಡಿ" ಅಂದರು. ನಾನು ಶಟರ್ ಎಳೆದೆ. ಅರ್ಜಿಗೆ ಬಂದವರು ಬೈದುಕೊಂಡರು, ಬೈದುಕೊಳ್ಳಲಿ. ಈ ವಿಷಯ ಎಲ್ಲಿಗೆ ಮುಟ್ಟುತ್ತದೆ ಅಂತ ನೋಡದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಉಗಾರ ದಾಟಿ, ಕುಡಚಿಯಲ್ಲಿ ಬಸ್ ಬದಲಿಸಿ ಹಾರೂಗೇರಿ ಮುಟ್ಟುವಾಗ ಎರಡು ಗಂಟೆ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು, ಅಕ್ಕೋರು ಅದನ್ನೂ ನೋಡಲಿಲ್ಲ. ತ್ರಿಶಲಾ ಅವರೇ ಬಾಗಿಲು ತೆಗೆದರು. ದಪ್ಪ ಕನ್ನಡಕ, ಕೈಗೆ ಹಿಟ್ಟು ಅಂಟಿತ್ತು. ಅಕ್ಕೋರನ್ನು ನೋಡಿದವರೇ ಕೇಳಿದರು: "ಯಾರ ಸತ್ತಾರ?"

"ಯಾರೂ ಸತ್ತಿಲ್ಲ. ನೀ ನನಗ ಮೇಲ್ ಕಳಿಸೀಯೇನ?"

"ಇಲ್ಲ."

ನಮಗೆ ಗೊತ್ತಿದ್ದ ಉತ್ತರವೇ ಅದು. ಆದರೂ ಅಕ್ಕೋರ ಮುಖ ಸಣ್ಣದಾಯಿತು. ಅವರೇ ಸಾವರಿಸಿಕೊಂಡು, "ಹಂಗಾದ್ರ ನಿನ್ನ ಮೇಲ್ ಕಳ್ಳರ ಕೈಯಾಗ ಐತಿ. ಈ ಹುಡುಗಿ ಸರಿ ಮಾಡ್ತಾಳ, ಒಳಗ ಬಿಡು" ಅಂದರು.

ಆದದ್ದು ಇಷ್ಟು. ಮುಂಜಾನೆ ಜಯಸಿಂಗಪುರದ ನಾದಿನಿಯ ಹೆಸರಿನಲ್ಲಿ ತ್ರಿಶಲಾ ಅವರಿಗೂ ಅದೇ ಕಾರ್ಡ್ ಬಂದಿತ್ತು. ಅವರು ಪಾಸ್‌ವರ್ಡ್ ಹಾಕಿದ್ದರು. "ಇವತ್ತ ಕ್ಷಮಾ ಕೇಳಿದ್ರ ತಗೀಲಾರದ ಹೆಂಗ ಬಿಡೂದವಾ?" ಅಂತ ನನ್ನನ್ನೇ ಕೇಳಿದರು. ಕಳ್ಳ ಎಂಥ ಚಾಲಾಕಿ ನೋಡಿ. ವರ್ಷದಲ್ಲಿ ಈ ಜನ ಯಾವ ಪತ್ರಕ್ಕೂ ಬೆನ್ನು ತಿರುಗಿಸದ ದಿನ ಇದೊಂದೇ, ಅದನ್ನೇ ಆರಿಸಿದ್ದ. ನಾನು ಪಾಸ್‌ವರ್ಡ್ ಬದಲಿಸಿದೆ, ಖಾತೆಯನ್ನು ಬೇರೆಲ್ಲೋ ತೆರೆದು ಕೂತಿದ್ದ ಕಳ್ಳರನ್ನು ಹೊರಹಾಕಿದೆ. ಅಷ್ಟರಲ್ಲಿ ಮೇಲ್ ಅರವತ್ತಮೂರು ಜನರಿಗೆ ಹೋಗಿಯಾಗಿತ್ತು.

"ಎಲ್ಲಾರಿಗೂ ಫೋನ್ ಮಾಡಿ ಹೇಳಬೇಕು" ಅಂದರು ಅಕ್ಕೋರು.

"ಅಂಗಡಿ ಮುಚ್ಚಿದಾಗ ಮಂದಿ ಆಡಿಕೊಂಡದ್ದು ಸಾಲಲಿಲ್ಲೇನ? ಈಗ ಮುದುಕಿ ಮೋಸ ಹೋದ್ಲು ಅಂತ ಸಾರಿಕೊಂಡು ತಿರಗಲ್ಯಾ?"

ಅಕ್ಕೋರು ತಲೆ ತಗ್ಗಿಸಿದರು. "ಹಂಗಾದ್ರ ನಾ ಮಾಡ್ತೀನಿ. ಕೊಡು ಫೋನ್" ಅಂತ ಕೈ ಚಾಚಿದರು. ತ್ರಿಶಲಾ ಕೊಡಲಿಲ್ಲ. ಹಿಟ್ಟಿನ ಕೈ ತೊಳೆದು ಬಂದು ತಾವೇ ಹಚ್ಚಿದರು. ಅರ್ಧ ಜನರ ಹತ್ತಿರ ಕನ್ನಡ, ಅರ್ಧ ಜನರ ಹತ್ತಿರ ಮರಾಠಿ. ಆಚೆಯವರು "ಉತ್ತಮ ಕ್ಷಮಾ" ಅಂತ ನಗುತ್ತಲೇ ಶುರು ಮಾಡುತ್ತಿದ್ದರು. ಇವರು, "ನಗಬ್ಯಾಡ್ರಿ. ನನ್ನಿಂದ ಖರೇನ ತಪ್ಪಾಗೈತಿ. ನನ್ನ ಹೆಸರಿಲೆ ಒಂದ ಕಾರ್ಡ್ ಬಂದೈತಿ, ಅದನ್ನ ತಗೀಬ್ಯಾಡ್ರಿ" ಅನ್ನುತ್ತಿದ್ದರು. ಮೂವರು ಆಗಲೇ ತೆಗೆದಿದ್ದರು. ಪಾಸ್‌ವರ್ಡ್ ಬದಲಿಸುವುದು ಹೇಗೆ ಅಂತ ಅವರಿಗೆ ನಾನು ಫೋನಿನಲ್ಲೇ ಹೇಳಿಕೊಟ್ಟೆ. ಉಳಿದವರು ಬಚಾವಾದರು. ಅಕ್ಕೋರು ಹೆಸರುಗಳ ಹಾಳೆ ಹಿಡಿದು ಒಂದೊಂದಕ್ಕೂ ಗೆರೆ ಎಳೆಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಕೊನೆಯ ಫೋನ್ ಮುಗಿಯುವಾಗ ಐದು ದಾಟಿತ್ತು.

ಅಕ್ಕೋರು ಪೆನ್ನು ಕೆಳಗಿಟ್ಟರು.

"ತ್ರಿಶಲಾ, ಸಾವಕ್ಕನ ಸಲುವಾಗಿ ನಾ ಬರದದ್ದು ತಪ್ಪಲ್ಲ. ಈಗೂ ಬರೀತೀನಿ. ಆದ್ರ ಬರಿಯೂ ಹಿಂದಿನ ದಿನಾ ನಾವಿಬ್ರೂ ಬಸದಿಯೊಳಗ ಬಾಜೂಕ ಕುಂತಿದ್ವಿ. ನಾ ನಿನಗ ಹೇಳಲಿಲ್ಲ. ಹೇಳಿದ್ರ ನೀ ಬ್ಯಾಡ ಅಂತಿ ಅಂತ ಅಂಜಿದ್ನಿ. ಅದು ನನ್ನ ತಪ್ಪು. ಹನ್ನೊಂದ ವರ್ಷ ಅದನ್ನ ಬಿಟ್ಟು ಬರೇ ಪತ್ರದ್ದ ಹಿಡಕೊಂಡ ಕುಂತಿದ್ನಿ. ನನಗ ಕ್ಷಮಾ ಮಾಡು."

ಕೈ ಮುಗಿದರು. ತ್ರಿಶಲಾ ಆ ಕೈಗಳನ್ನು ನೋಡಿದರು.

"ನೀ ಹೇಳಿದ್ರ ನಾ ಬ್ಯಾಡ ಅಂತಿರಲಿಲ್ಲ" ಅಂದರು ತ್ರಿಶಲಾ. ದನಿ ಗಟ್ಟಿಯಾಗಿಯೇ ಇತ್ತು. "ಬಾಕಿ ಒಲಿ ಎಲ್ಲಾ ಆ ದಿವಸನ ಮಾರೂದ ನಿಲ್ಲಸ್ತಿದ್ವಿ. ನಿನ್ನ ಪತ್ರ ಮುಟ್ಟಿ ಕಂಪನಿಯವ್ರು ಬರೂತನಕ ಇನ್ನೂ ನಾಕ ಮಂದಿಗೆ ಮಾರೀವಿ. ಅದು ನನಗ ಇನ್ನೂ ನಿದ್ದಿ ಕೊಡಂಗಿಲ್ಲ."

ಅಕ್ಕೋರು ಅದನ್ನು ಯಾವತ್ತೂ ಯೋಚಿಸಿರಲಿಲ್ಲ. ಎಲ್ಲದಕ್ಕೂ ಯಾಕೆ, ಹೇಗೆ ಅಂತ ಕೇಳುವವರು ಅದೊಂದನ್ನು ಕೇಳಿರಲಿಲ್ಲ. ಮುಗಿದ ಕೈ ಹಾಗೇ ಇತ್ತು, ಕಣ್ಣು ತುಂಬಿ ಬಂತು.

ತ್ರಿಶಲಾ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು. "ಇವತ್ತ ಬ್ಯಾಡ ಸುಗಂಧಾ. ಇವತ್ತ ಎಲ್ಲಾರೂ ಕೇಳ್ತಾರ, ಎಲ್ಲಾರೂ ಕೊಡ್ತಾರ. ನನಗ ಅಂಥಾದ್ದು ಬ್ಯಾಡ. ನಾಳೆ ಬಾ."

"ನಾಳೆ ಬಂದ್ರ ಬಾಗಿಲಾ ತಗೀತಿ?"

"ಹೊತ್ತ ಮುಳುಗೂದರೊಳಗ ಬಾ" ಅಂದರು ತ್ರಿಶಲಾ. "ಕೂಡೇ ಉಣ್ಣೂಣು."