ತಟ್ಟೆ ಬಿಡದ ಎಡಗೈ

ಬೊಂಬಾಯಿಯ ಗ್ರಾಂಟ್ ರೋಡಿನ ಹಳೆಯ ಬಿಲ್ಡಿಂಗೊಂದರ ತಾರಸಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಕೆಳಗೆ ಬೀದಿಯಲ್ಲಿ ಹಾಲಿನ ಕ್ಯಾನುಗಳ ಸದ್ದು ಶುರುವಾಗಿದೆ. ಬನಿಯನ್ ತೊಟ್ಟು, ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡ ದೂಜಣ್ಣ ನಾರಿನ ಹಾಸಿಗೆಯ ಮೇಲೆ ದೊಪ್ಪನೆ ಬೀಳುತ್ತಾರೆ. ಏಳುತ್ತಾರೆ, ಮತ್ತೆ ಬೀಳುತ್ತಾರೆ. ಬೀಳುವುದೇನೋ ಸರಿಯೇ, ಆದರೆ ಪ್ರತಿ ಸಲವೂ ಎಡಗೈ ಮಾತ್ರ ಅಂಗೈ ಮೇಲೆ ಮಾಡಿಕೊಂಡು ಗಾಳಿಯಲ್ಲೇ ಉಳಿಯುತ್ತದೆ.

"ಎಂತ ಮಾರಾಯ, ಆ ಕೈ ಯಾಕೆ ಮೇಲೆ? ಸಾಂಬಾರು ಚೆಲ್ಲುತ್ತದಾ?" ಎಂದು ಬಾಕ್ಸಿಂಗ್ ಕಲಿಸುವ ಕೊರಗಪ್ಪ ಮಾಸ್ಟರು ಗದರುತ್ತಾರೆ.

ಸಾಂಬಾರು ಚೆಲ್ಲಬಾರದು ಎಂಬುದೇ ದೂಜ ಪೂಜಾರಿಯವರ ಬದುಕು. ಇದೇ ಬಿಲ್ಡಿಂಗಿನ ಕೆಳಗಿರುವ ಉಡುಪಿ ಹೋಟೆಲಿನಲ್ಲಿ ಅವರು ಸಪ್ಲಾಯರ್. ಮೀಸೆ ಮೂಡುವ ಮೊದಲೇ ಉಡುಪಿ ಹತ್ತಿರದ ಕಾಪುವಿನಿಂದ ಬಂದವರು. ದೋಸೆಯ ತಟ್ಟೆಗಳನ್ನು ಎಡಗೈಯ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಪೇರಿಸಿಕೊಂಡು, ಬಲಗೈಯಲ್ಲಿ ನೀರಿನ ಲೋಟ ಹಿಡಿದು, ಗಿಜಿಗುಡುವ ಗಿರಾಕಿಗಳ ನಡುವೆ "ಸೈಡ್, ಸೈಡ್" ಎನ್ನುತ್ತಾ ನುಸುಳಬೇಕು. ಮೈ ಎಷ್ಟು ಬೇಕಾದರೂ ಬಳುಕಲಿ, ಎಡಗೈ ಅಲುಗುವ ಹಾಗಿಲ್ಲ.

ಗ್ರಹಚಾರ ನೋಡಿ, ಬಾಕ್ಸಿಂಗಿನಲ್ಲಿ ಮೊದಲು ಚಿಮ್ಮಬೇಕಾದ್ದು ಅದೇ ಎಡಗೈ! ಜತೆಗೆ ಕಲಿಯುವ ಜಪಾನಿ ಕುಸ್ತಿ ಜಿಯು ಜಿತ್ಸುವಿನಲ್ಲಂತೂ ಬೀಳುವಾಗ ಗದ್ದ ಎದೆಗೊತ್ತಿ, ಅಂಗೈಯಿಂದ ನೆಲಕ್ಕೆ ಪಟ್ಟನೆ ಬಡಿಯಬೇಕು. ಆಗ ಪೆಟ್ಟು ನೆಲ ತಿನ್ನುತ್ತದೆ, ಮೈ ಉಳಿಯುತ್ತದೆ. ದೂಜಣ್ಣನ ಕೈಗೆ ಎರಡೂ ಒಪ್ಪಿಗೆಯಿಲ್ಲ. ಭುಜ ನೀಲಿಗಟ್ಟಿದೆ, ಕೈ ಮಾತ್ರ ಇಲ್ಲದ ತಟ್ಟೆಯನ್ನು ಜೋಪಾನ ಮಾಡುತ್ತಲೇ ಇದೆ.

ಕೊರಗಪ್ಪ ಮಾಸ್ಟರು ಸರಕಿನ ಹಡಗಿನಲ್ಲಿ ದುಡಿದು ನಿವೃತ್ತರಾದವರು. ಬಾಕ್ಸಿಂಗನ್ನು ಹಡಗಿನ ಡೆಕ್ಕಿನಲ್ಲಿ, ಜಿಯು ಜಿತ್ಸುವನ್ನು ಜಪಾನಿನ ಬಂದರೊಂದರಲ್ಲಿ ಕಲಿತು, ಈಗ ಹೋಟೆಲು ಕೆಲಸದವರಿಗೆ ಪುಕ್ಕಟೆ ಕಲಿಸುತ್ತಾರೆ. ಬೈಗುಳವೂ ಪುಕ್ಕಟೆಯೇ.

ದೂಜಣ್ಣನಿಗೆ ಈ ಹುಚ್ಚು ವೀಡಿಯೋ ಪಾರ್ಲರಿನ ಹೊಡೆದಾಟದ ಸಿನಿಮಾಗಳಿಂದ ಅಂಟಿದ್ದಲ್ಲ. ಬೊಂಬಾಯಿಗೆ ಬಂದ ಹೊಸತರಲ್ಲಿ ನಾಗಪಾಡದ ಬಾಕ್ಸಿಂಗ್ ಕ್ಲಬ್ಬೊಂದಕ್ಕೆ ಚಹಾ ಕೊಡಲು ಹೋಗಿದ್ದರಂತೆ. "ಬಾಗಿಲಲ್ಲೇ ನಿಂತುಬಿಟ್ಟೆ. ನನ್ನದೇ ಪ್ರಾಯದ ಮಕ್ಕಳು, ಗ್ಲೌಸ್ ಹಾಕಿ ಕುಣಿದ ಹಾಗೆ ಹೊಡೀತಿದ್ರು. ಚಾ ತಣ್ಣಗಾಯ್ತು, ಸೇಟ್ ಹತ್ರ ಬೈಸಿಕೊಂಡದ್ದೂ ಆಯ್ತು. ಆದ್ರೆ ಅವತ್ತಿಂದ ಒಂದೇ ಆಸೆ ಮಾರಾಯ್ರೆ, ಆ ಹಗ್ಗದ ಒಳಗೆ ಒಮ್ಮೆ ನಿಲ್ಲಬೇಕು."

ಆಮೇಲೆ ತಂಗಿಯರ ಮದುವೆ ಬಂತು, ಊರಿನ ಮನೆಗೆ ಹೊಸ ಹೆಂಚು ಬಂತು, ಆಸೆ ಹಿಂದೆ ಹಿಂದೆ ಸರಿಯಿತು. ಸತ್ತು ಮಾತ್ರ ಹೋಗಲಿಲ್ಲ. ಕಾಪುವಿನಲ್ಲಿರುವ ಹೆಂಡತಿ ಶೀಲಾವತಿಗೆ ಇದೊಂದೂ ತಿಳಿಯದು. "ಗೊತ್ತಾದ್ರೆ ಬಿದ್ದು ಬಿದ್ದು ನಗ್ತಾಳೆ. ನಗ್ಲಿ. ಅವಳು ನಗುದು ನೋಡದೆ ಎಷ್ಟು ಕಾಲ ಆಯ್ತು" ಎನ್ನುವಾಗ ಅವರ ದನಿ ಸಣ್ಣಗಾಗುತ್ತದೆ.

ಸೋಮವಾರ, ಹೋಟೆಲಿನ ರಜಾ ದಿನ, ಪರೇಲಿನಲ್ಲಿ ಹೊಸಬರ ಬಾಕ್ಸಿಂಗ್ ಪಂದ್ಯವಿದೆ. ಈ ವರ್ಷ ದಾಟಿದರೆ ದೂಜಣ್ಣನ ವಯಸ್ಸು ಮಿತಿ ಮೀರುತ್ತದೆ. ಹೆಸರು ಕೊಡಲು ಇವತ್ತೇ ಕೊನೆ. ಆದರೆ ಬೀಳಲು ಬಾರದವನ ಹೆಸರನ್ನು ಮಾಸ್ಟರು ಸುತರಾಂ ಕೊಡುವುದಿಲ್ಲ. "ರಿಂಗಿನಲ್ಲಿ ಬಿದ್ದು ಕೈ ಮುರಿದುಕೊಂಡರೆ ನಾಳೆ ತಟ್ಟೆ ಹೊರುವುದು ಯಾರು, ನಾನಾ?" ಎಂಬುದು ಅವರ ವಾದ. ತಪ್ಪು ಎನ್ನಲಾದೀತೇ?

ಇಂದು ಮಾಸ್ಟರು ಹೋಟೆಲಿನ ಸ್ಟೀಲ್ ತಟ್ಟೆಗಳನ್ನೇ ತರಿಸಿದ್ದಾರೆ. ದೂಜಣ್ಣನ ಎಡಗೈಯ ಮೇಲೆ ಒಂದೊಂದಾಗಿ ಪೇರಿಸಿ, ಎಲ್ಲಕ್ಕೂ ನೀರು ಹೊಯ್ಯುತ್ತಾರೆ.

"ಹಾಂ, ಈಗ ಕೆಡವು."

ದೂಜಣ್ಣ ಕಣ್ಣು ಕಣ್ಣು ಬಿಡುತ್ತಾರೆ. "ಮಾಸ್ಟ್ರೆ, ಬೇರೆ ಎಂತ ಬೇಕಾದ್ರೂ ಹೇಳಿ. ಇದೊಂದು ಆಗುದಿಲ್ಲ."

"ಆಗುದಿಲ್ವಾ? ಸರಿ, ಮನೆಗೆ ಹೋಗು."

ದೂಜಣ್ಣ ಹೋಗುವುದಿಲ್ಲ. ತಟ್ಟೆಗಳನ್ನು ನೋಡುತ್ತಾ ನಿಲ್ಲುತ್ತಾರೆ. ಕೈ ಒಂದಿಷ್ಟೂ ನಡುಗುವುದಿಲ್ಲ, ನೀರಿನಲ್ಲಿ ಅಲೆಯೂ ಇಲ್ಲ. ಕೊನೆಗೆ, ಜತೆಗೆ ಕಲಿಯುವ, ಪಕ್ಕದ ಲಾಡ್ಜಿನ ಲಿಫ್ಟ್‌ಮನ್ ಶೇಖರನ ಕಡೆ ತಿರುಗಿ, "ಕಾಲಿಗೆ ಅಡ್ಡ ಕೊಡು ಮಾರಾಯ, ಬೇಗ ಕೊಡು" ಎನ್ನುತ್ತಾರೆ.

ಶೇಖರ ಅಡ್ಡಗಾಲು ಕೊಟ್ಟು ಎಳೆಯುತ್ತಾನೆ. ದೂಜಣ್ಣ ತಾವಾಗಿಯೇ ಎಡಗೈ ಕೊಡವುತ್ತಾರೆ. ಅಬ್ಬಬ್ಬಾ, ಏನು ಸದ್ದು! ತಟ್ಟೆಗಳು ತಾರಸಿಯ ತುಂಬ ಉರುಳುತ್ತವೆ, ಅಂಗೈ ಹಾಸಿಗೆಗೆ ಪಟ್ಟನೆ ಬಡಿಯುತ್ತದೆ. "ಕ್ಯಾ ಗಿರಾ ರೇ?" ಎಂದು ಕೆಳಗಿನ ಮಾಳಿಗೆಯಿಂದ ಯಾರೋ, ಬಿದ್ದದ್ದೇನೆಂದು ಕೂಗಿ ಕೇಳುತ್ತಾರೆ. ನೀರಲ್ಲಿ ತೊಯ್ದು ಮಲಗಿದ ದೂಜಣ್ಣ ನಗುತ್ತಿದ್ದಾರೋ ಅಳುತ್ತಿದ್ದಾರೋ ಹೇಳುವುದು ಕಷ್ಟ. ಬಹುಶಃ ಎರಡೂ.

ಮಾಸ್ಟರು ಅಂಗಿ ಹಾಕಿಕೊಳ್ಳುತ್ತಾರೆ. "ಪರೇಲಿಗೆ ಹೋಗಿ ಹೆಸರು ಕೊಟ್ಟು ಬರ್ತೇನೆ. ತಟ್ಟೆ ನೀನೇ ಹೆಕ್ಕು."

ತಟ್ಟೆ ಹೆಕ್ಕುತ್ತಿರುವ ದೂಜಣ್ಣನನ್ನು, ಸೋಮವಾರ ಗೆಲ್ಲಬಹುದೇ ಎಂದು ಕೇಳಿದರೆ ಅವರು ತಲೆಯಾಡಿಸುತ್ತಾರೆ.

"ಗೆಲ್ಲುದು ಎಲ್ಲಿಂದ ಬಂತು? ಆಚೆಯವ ಎಳೆ ಹುಡುಗ ಇರ್ತಾನೆ, ಎರಡೇ ಪೆಟ್ಟಿಗೆ ಬೀಳಿಸಬಹುದು. ಬೀಳಿಸ್ಲಿ. ಇಷ್ಟು ವರ್ಷ ಬೇರೆಯವರ ದೋಸೆ ಉಳಿಸ್ಲಿಕ್ಕೆ ಅಂತ ಬೀಳದೆ ನಡೆದವ ನಾನು. ಒಮ್ಮೆ ನನಗೋಸ್ಕರ ಬೀಳ್ತೇನೆ."