ವಾಪಸಮ್ಮನ ತಿರುಗುವ ಸೀಟು

ಬ್ಯಾಗು, ಬೆಲ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಕೊನೆಯ ಮೇಜು ಅವಳದು. ಹೊಲಿದ ಮಾಲೆಲ್ಲ ಹೊರಗೆ ಹೋಗುವ ಮೊದಲು ಅವಳ ಮುಂದೆ ಬೀಳಬೇಕು, ಬಿದ್ದದ್ದರಲ್ಲಿ ಕಾಲುಭಾಗ ಬಂದ ದಾರಿ ಹಿಡಿದು ಹಿಂದಕ್ಕೆ ಹೋಗಬೇಕು. ಇಪ್ಪತ್ತೇಳು ವರ್ಷ ಇದೇ ನಡೆಯಿತು. ಹೊಲಿಯುವವರು ಅವಳಿಗೆ ವಾಪಸಮ್ಮ ಎಂದು ಹೆಸರಿಟ್ಟರು. ಬೆನ್ನ ಹಿಂದಿನ ಆ ಹೆಸರು ಕಿವಿಗೆ ಬಿದ್ದಾಗ ಅವಳೇನೂ ನೊಂದುಕೊಳ್ಳಲಿಲ್ಲ. ನೆಟ್ಟಗೆ ಒಂದು ಹೊಲಿಗೆ ಹಾಕಲು ಬಾರದವರು ಹೆಸರನ್ನಾದರೂ ನೆಟ್ಟಗೆ ಇಟ್ಟರಲ್ಲ ಎಂದಳು.

ನಿವೃತ್ತಿಯಾದ ಮೇಲೆ ಹಿಂದಕ್ಕೆ ಕಳಿಸಲು ಮಾಲು ಉಳಿಯಲಿಲ್ಲ. ಆದ್ದರಿಂದ ಮನುಷ್ಯರನ್ನು ಹಿಡಿದುಕೊಂಡಳು. ನಲ್ಲಿ ರಿಪೇರಿಯವನು ಸೋಂಬೇರಿ, ಪಕ್ಕದ ಮನೆಯವಳು ಬಾಯಿಬಡುಕಿ, ಡಾಕ್ಟರು ಓದದೆ ಪಾಸಾದವನು. ಅಳಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಊರಿಗೆಲ್ಲ ಕಣ್ಣು ಕೊಡುವ ಈ ಮಹಾಶಯನಿಗೆ ತನ್ನ ಕಾಲ ಬಳಿ ಬಿದ್ದ ಚಮಚ ಕಾಣುವುದಿಲ್ಲ ಎನ್ನುವುದು ಅವಳ ತೀರ್ಮಾನ. ಇನ್ನು ಅಳಿಯನ ತಾಯಿ, ಅಂದರೆ ಬೀಗಿತ್ತಿ. ಅವಳ ವಿಷಯ ಬಂದರೆ ವಾಪಸಮ್ಮ ಬಾಯಿ ಬಿಡುತ್ತಿರಲಿಲ್ಲ, ಮೂಗು ಮುರಿದು ಸುಮ್ಮನಾಗುತ್ತಿದ್ದಳು. ದೊಡ್ಡ ಕಾರು, ಅದಕ್ಕೊಬ್ಬ ಡ್ರೈವರು, ಗೋಡೆಯಗಲದ ಟೀವಿ, ಬೆಳಗಿನಿಂದ ಸಂಜೆಯವರೆಗೆ ಸೋಫಾ. ಒಂದು ದಿನ ಕೂಡ ದುಡಿದು ಉಣ್ಣದ ಹೆಂಗಸಿನ ಬಗ್ಗೆ ಮಾತು ಯಾಕೆ ಖರ್ಚು ಮಾಡಬೇಕು?

ಹೀಗೆ ಎಲ್ಲರನ್ನೂ ಕೀಳಾಗಿ ಕಾಣುತ್ತಿದ್ದವಳಿಗೆ ಲೋಕದಲ್ಲಿ ತಪ್ಪು ಸಿಗದ ಒಂದೇ ಜೀವವೆಂದರೆ ಹನ್ನೊಂದು ತಿಂಗಳ ಮೊಮ್ಮಗಳು. ಮಗಳು ಸೋಮವಾರದಿಂದ ಮತ್ತೆ ಪ್ರಯೋಗಾಲಯದ ಕೆಲಸಕ್ಕೆ ಹೋಗುವವಳಿದ್ದಳು. ವಾಪಸಮ್ಮ ಬೆಳಿಗ್ಗೆ ಎಂಟಕ್ಕೆ ತನ್ನ ಕಾರಿನಲ್ಲಿ ಹೋಗಿ ಮಗುವನ್ನು ತನ್ನ ಮನೆಗೆ ಕರೆತರುವುದು, ಸಂಜೆ ಆರಕ್ಕೆ ವಾಪಸು ಬಿಡುವುದು ಎಂದು ಮಾತಾಗಿತ್ತು. ಆದರೆ ಅವಳ ಬಲಭುಜ ಎರಡು ವರ್ಷದಿಂದ ಹಿಡಿದುಕೊಂಡಿತ್ತು. ಆ ಪುಟ್ಟ ಕಾರಿನ ಹಿಂಬಾಗಿಲಿನಲ್ಲಿ ಸೊಂಟ ತಿರುಚಿ, ಮಗುವನ್ನು ಎತ್ತಿ, ಕಾರಿನ ಹಿಂಭಾಗಕ್ಕೆ ಮುಖಮಾಡಿದ ಮಕ್ಕಳ ಸೀಟಿನೊಳಗೆ ಇಳಿಸುವುದು ಅವಳಿಂದ ಆಗದ ಮಾತು. ಬಾಗಿಲಿನ ಕಡೆಗೇ ತಿರುಗುವ ಸೀಟು ಬೇಕು. ಅಂಥ ಸೀಟು ಅವಳ ಕಾರಿಗೆ ಕೂರದಿದ್ದರೆ ಮಗು ಬೀಗಿತ್ತಿಯ ಮನೆಗೆ ಹೋಗುತ್ತದೆ. ಮಗಳು ಅದನ್ನು ಬಾಯಿಬಿಟ್ಟೇ ಹೇಳಿದ್ದಳು.

ಶನಿವಾರ ಬೆಳಿಗ್ಗೆ ಅಳಿಯ ಮೊಬೈಲ್ ಹಿಡಿದು ಅತ್ತೆಯ ಬಳಿ ಬಂದ. "ಈ ಸೀಟು ನೋಡಿ ಅತ್ತೆ. ನಾಲ್ಕು ಸಾವಿರ ಜನ ಚೆನ್ನಾಗಿದೆ ಅಂತ ಬರ್ದಿದ್ದಾರೆ."

"ಆ ನಾಲ್ಕು ಸಾವಿರ ಜನಾನೂ ನನ್ನ ಕಾರಲ್ಲಿ ಕೂತು ಬಂದಿದ್ರಾ?"

"ಹಾಗಲ್ಲ ಅತ್ತೆ..."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ನಿಮ್ದು. ನಡೀರಿ, ಅಂಗಡೀಗೇ ಹೋಗೋಣ. ಕಾರಲ್ಲಿಟ್ಟು ನೋಡ್ದೆ ನಾನು ಒಂದನ್ನೂ ಒಪ್ಪಲ್ಲ."

ಮಗಳೂ ಮಗುವನ್ನೆತ್ತಿಕೊಂಡು ಜೊತೆಗೆ ಹೊರಟಳು. ಮಕ್ಕಳ ಸಾಮಾನಿನ ಆ ಅಂಗಡಿ ಎರಡು ಮಹಡಿಯದು. ನಲವತ್ತು ದಾಟಿದ ಮಾರಾಟಗಾರನೊಬ್ಬ ಕತ್ತಿಗೆ ಟೇಪು ನೇತುಹಾಕಿಕೊಂಡು ಎದುರುಗೊಂಡ. ನಗು ಅವನ ಮುಖದಲ್ಲಿ ಅಂಗಡಿಯ ಬಾಗಿಲು ತೆರೆದಾಗಿನಿಂದ ಇದ್ದಂತಿತ್ತು. ಮೊದಲು ತೋರಿಸಿದ್ದು ಕೆಂಪು ಬಣ್ಣದ ಸೀಟು. ವಾಪಸಮ್ಮ ಬಣ್ಣ ನೋಡಲಿಲ್ಲ. ಭುಜದ ಪಟ್ಟಿಯನ್ನು ಮಗುಚಿ, ಹೊಲಿಗೆ ಎಲ್ಲಿ ಮುಗಿಯುತ್ತದೋ ಅಲ್ಲಿ ಉಗುರು ಹಾಕಿ ಎಳೆದಳು. ಒಂದು ದಾರ ಎದ್ದಿತು.

"ಇದನ್ನ ಹೊಲಿದೋರು ಊಟಕ್ಕೆ ಎದ್ದು ಹೋಗೋ ಆತುರದಲ್ಲಿದ್ರು," ಎಂದು ಪಕ್ಕಕ್ಕೆ ತಳ್ಳಿದಳು.

"ಅದು ಬರೀ ಮೇಲಿನ ಕವರ್ ದಾರ ಮೇಡಂ."

"ಮೇಲಿನದೇ ಹೀಗಾದ್ರೆ ಒಳಗಿನದು ದೇವರಿಗೇ ಪ್ರೀತಿ."

ಎರಡನೆಯದನ್ನು ಹೊತ್ತುಕೊಂಡು ಅಂಗಡಿಯ ಮುಂದೆ ನಿಲ್ಲಿಸಿದ್ದ ಕಾರಿಗೆ ಹೋದರು. ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿದರೂ ಆ ಸೀಟು ತಿರುಗುವಾಗ ಬಾಗಿಲಿನ ಚೌಕಟ್ಟಿಗೆ ತಾಗಿ ಅರ್ಧಕ್ಕೆ ನಿಂತಿತು. ಅಳಿಯ ಮನೆಯಲ್ಲಿ ಕಾರಿನ ಅಗಲ ಅಳೆದಿದ್ದ, ಉದ್ದ ಅಳೆದಿದ್ದ. ಸೀಟು ತಿರುಗುವಾಗ ಅದರ ಮೂಲೆ ಎಲ್ಲಿಗೆ ಬರುತ್ತದೆ ಎಂದು ಮಾತ್ರ ಅಳೆದಿರಲಿಲ್ಲ. ವಾಪಸಮ್ಮ ಅವನ ಕನ್ನಡಕವನ್ನೇ ನೋಡಿದಳು. ಅವನು ಅದನ್ನು ತೆಗೆದು ಒರೆಸಿಕೊಂಡ.

ಮೂರನೆಯದು ಸಲೀಸಾಗಿ ತಿರುಗಿತು. ಅದಕ್ಕೆ ಮುಂಭಾಗದಲ್ಲಿ ಒಂದು ಕಾಲಿತ್ತು. ಕಾರಿನ ನೆಲಕ್ಕೆ ಊರಿಕೊಂಡು, ಡಿಕ್ಕಿಯಾದಾಗ ಸೀಟು ಮುಗ್ಗರಿಸದಂತೆ ತಡೆಯುವ ಕಾಲು. ಮಾರಾಟಗಾರ ಅದನ್ನು ಊರಿ, ಸರಿಯಾಗಿ ಕೂತಿದೆ, ಹಸಿರು ಗುರುತು ಬಂತು ನೋಡಿ ಎಂದ. ಮಗಳು ಉಸ್ಸಪ್ಪ ಎಂದಳು. ವಾಪಸಮ್ಮ ಮಾತ್ರ ಬಗ್ಗಿ, ನೆಲದ ಮ್ಯಾಟನ್ನು ಎತ್ತಿ, ಕೆಳಗೆ ಬೆರಳಿನಿಂದ ತಟ್ಟಿದಳು. ಟೊಳ್ಳು ಸದ್ದು ಬಂತು.

"ಇದರ ಕೆಳಗೆ ಸಾಮಾನು ಇಡೋ ಡಬ್ಬಿ ಇದೆ. ಕಾಲು ಊರಿರೋದು ಅದರ ಮುಚ್ಚಳದ ಮೇಲೆ. ಡಿಕ್ಕಿ ಹೊಡೆದ್ರೆ ಮುಚ್ಚಳ ಮುರಿಯುತ್ತೆ, ಕಾಲು ಒಳಗೆ ಹೋಗುತ್ತೆ. ನಿಮ್ಮ ಪುಸ್ತಕದಲ್ಲಿ ಏನು ಬರ್ದಿದೆ, ಓದಿ."

ಮಾರಾಟಗಾರ ಕೈಪಿಡಿ ತೆಗೆದ. ಪುಟ ಮಗುಚುತ್ತ ಹೋದಂತೆ ಅವನ ನಗು ಸಣ್ಣಗಾಗುತ್ತ ಬಂತು. ಹದಿನಾಲ್ಕನೆಯ ಪುಟದಲ್ಲಿ, ಟೊಳ್ಳಾದ ಮುಚ್ಚಳದ ಮೇಲೆ ಕಾಲು ಊರಬಾರದು ಎಂದು ಚಿತ್ರಸಮೇತ ಹಾಕಿದ್ದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅಳಿಯ ಹೆಂಡತಿಯ ಕಿವಿಯಲ್ಲಿ ಗೊಣಗಿದ. ವಾಪಸಮ್ಮನಿಗೆ ಕೇಳಿಸಿತು.

"ನೆಲ ಡೊಂಕೇ ಇದೆಯಲ್ಲಪ್ಪ. ಬಗ್ಗಿ ನೋಡೋಕೆ ಕಣ್ಣು ಬೇಕಷ್ಟೆ."

ಆ ಬೆಳಿಗ್ಗೆ ಅವಳು ಎಷ್ಟು ಖುಷಿಯಲ್ಲಿದ್ದಳೆಂದರೆ ಭುಜದ ನೋವೂ ನೆನಪಿರಲಿಲ್ಲ. ಮೊಸರಲ್ಲಿ ಕಲ್ಲು ಹುಡುಕುತ್ತಾಳೆ ಎಂದು ಆಡಿಕೊಂಡವರೆಲ್ಲ ಈಗ ಬಂದು ನೋಡಬೇಕಿತ್ತು. ಕಲ್ಲು ಇತ್ತು, ಅವಳಿಗೆ ಸಿಕ್ಕಿತು. ಅವಳಿಲ್ಲದಿದ್ದರೆ ಈ ಮೂವರು ಮಗುವನ್ನು ಒಂದು ಡಬ್ಬಿಯ ಮುಚ್ಚಳದ ಮೇಲೆ ಕೂರಿಸಿ ಕಳಿಸುತ್ತಿದ್ದರು. ಇಂಥವರ ನಡುವೆ ಮಗು ಬೆಳೆಯಬೇಕಲ್ಲ ಎಂದು ಅವಳಿಗೆ ನಿಜಕ್ಕೂ ಮರುಕವಾಯಿತು.

ನಾಲ್ಕನೆಯದಕ್ಕೆ ಕಾಲಿರಲಿಲ್ಲ. ಬದಲಿಗೆ ಹಿಂದಿನ ಸೀಟಿನ ಬೆನ್ನಿನಾಚೆ ಹೋಗಿ ಕೊಕ್ಕೆಗೆ ಸಿಕ್ಕಿಕೊಳ್ಳುವ ಗಟ್ಟಿ ಪಟ್ಟಿ ಇತ್ತು. ಮೈ ಕಿರಿದು, ತಿರುಗಿದರೆ ಚೌಕಟ್ಟಿಗೆ ಎರಡು ಬೆರಳು ಜಾಗ ಉಳಿಯುತ್ತಿತ್ತು. ವಾಪಸಮ್ಮ ಹೊಲಿಗೆ ಎಳೆದಳು, ಬರಲಿಲ್ಲ. ಕೊಕ್ಕೆ ಅಲುಗಿಸಿದಳು, ಅಲುಗಲಿಲ್ಲ. ಎಡಗೈಯಿಂದ ಹಿಡಿಕೆ ಒತ್ತಿ ತಿರುಗಿಸಿದಳು, ಸೀಟು ಕರೆದ ಕಡೆಗೆ ಬಂತು. ಅರ್ಧ ಗಂಟೆ ತಡಕಾಡಿದರೂ ಬಯ್ಯಲು ಏನೂ ಸಿಗದೆ ಕೊನೆಗೆ, "ಬಣ್ಣ ಮಾತ್ರ ಗೋಡೆಗೆ ಸುಣ್ಣ ಹೊಡೆದ ಹಾಗಿದೆ," ಎಂದಳು. ಒಪ್ಪಿದಳು ಎಂದು ಮಗಳಿಗೆ ಅರ್ಥವಾಯಿತು.

"ಒಂದ್ಸಲ ಮಗು ಕೂರಿಸಿ, ಕಟ್ಟಿ, ಬಿಚ್ಚಿ ನೋಡ್ಬಿಡಿ ಮೇಡಂ," ಎಂದ ಮಾರಾಟಗಾರ.

ಮಗು ಕೂತಿತು. ವಾಪಸಮ್ಮ ಪಟ್ಟಿಗಳ ತುದಿಯ ಎರಡು ಲೋಹದ ನಾಲಿಗೆ ಕೂಡಿಸಿ ಬಕಲಿಗೆ ತಳ್ಳಿದಳು, ಟಕ್ ಎಂದಿತು. ಪಟ್ಟಿ ಬಿಗಿದಳು. ಸೀಟನ್ನು ಹಿಂದಕ್ಕೆ ತಿರುಗಿಸಿದಳು, ಮತ್ತೆ ಬಾಗಿಲಿಗೆ ತಿರುಗಿಸಿದಳು. ಮಗು ಇದೇನೋ ಆಟವೆಂದು ಕೇಕೆ ಹಾಕಿತು. ಇನ್ನು ಬಿಚ್ಚುವುದೊಂದೇ ಬಾಕಿ. ಬಕಲಿನ ನಡುವಿನ ಕೆಂಪು ಗುಂಡಿಗೆ ಹೆಬ್ಬೆರಳು ಇಟ್ಟು ಒತ್ತಿದಳು.

ಗುಂಡಿ ಒಳಗೆ ಹೋಗಲಿಲ್ಲ.

ಇನ್ನೊಮ್ಮೆ ಒತ್ತಿದಳು. ಹೆಬ್ಬೆರಳಿನ ಬುಡದಲ್ಲಿ ಸೂಜಿ ಆಡಿದಂತಾಗಿ ಬೆರಳು ಪಕ್ಕಕ್ಕೆ ಜಾರಿತು. ಭುಜದ ಕಥೆ ಎಲ್ಲರಿಗೂ ಗೊತ್ತಿತ್ತು. ಹೆಬ್ಬೆರಳಿನದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ದಿನಕ್ಕೆ ಆರುನೂರು ಬೆಲ್ಟಿನ ಹೊಲಿಗೆಯನ್ನು ಅದೇ ಬೆರಳಿನಿಂದ ಒತ್ತಿ ಒತ್ತಿ ನೋಡಿ, ಎರಡೂ ಕೈಯಲ್ಲಿ ಆ ಕೀಲು ಸವೆದುಹೋಗಿತ್ತು. ಡಬ್ಬದ ಮುಚ್ಚಳ ಬರದಿದ್ದರೆ ಡಬ್ಬವನ್ನು ಬಯ್ಯುತ್ತಿದ್ದಳು, ಬಾಟಲಿ ತೆಗೆಯಲಾಗದಿದ್ದರೆ ಅದನ್ನು ಮಾಡಿದವನನ್ನು ಬಯ್ಯುತ್ತಿದ್ದಳು. ಈಗ ಮಗಳಿಗೆ ಬೆನ್ನು ಅಡ್ಡಮಾಡಿ ನಿಂತು, ಎಡಗೈಯ ಹೆಬ್ಬೆರಳನ್ನು ಬಲಗೈಯದರ ಮೇಲಿಟ್ಟು ಒತ್ತಿದಳು. ಆಗಲೂ ಆಗಲಿಲ್ಲ. ಮಗುವಿನ ಕೇಕೆ ನಿಂತು ಮುಖ ಸೊಟ್ಟಗಾಯಿತು, ಆಮೇಲೆ ಅಳು ಶುರುವಾಯಿತು.

ಮಾರಾಟಗಾರ ಪಕ್ಕದಲ್ಲೇ ಇದ್ದ, ನೋಡಿದ್ದ. ಬಗ್ಗಿ ಮೆಲ್ಲಗೆ, "ಹೊಸದರಲ್ಲಿ ಸ್ವಲ್ಪ ಬಿಗಿ ಇರುತ್ತೆ ಮೇಡಂ. ಅಭ್ಯಾಸ ಆದ್ರೆ ಸರಿಹೋಗುತ್ತೆ," ಎಂದ.

ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಮಕ್ಕಳು ತಾವೇ ಬಿಚ್ಚಿಕೊಳ್ಳಬಾರದೆಂದು ಅದನ್ನು ಬೇಕೆಂದೇ ಬಿಗಿ ಮಾಡುತ್ತಾರೆ. ಅದು ಸಡಿಲವಾಗಿದ್ದರೆ ಅವಳೇ ಮೊದಲು ಬೇಡ ಎನ್ನುತ್ತಿದ್ದಳು. ಆದರೂ ಆ ಸುಳ್ಳನ್ನು ಹಿಡಿದುಕೊಳ್ಳಲು ಮನಸ್ಸು ಹಾತೊರೆಯಿತು. ಹೌದು, ಹೊಸದು ಎಂದುಬಿಟ್ಟರೆ ಸೋಮವಾರ ಮಗು ತನ್ನ ಮನೆಯಲ್ಲಿರುತ್ತದೆ. ಬಿಚ್ಚಲು ಪಕ್ಕದ ಮನೆಯವಳನ್ನು ಕೂಗಬಹುದು. ದಾರಿಯಲ್ಲಿ ಏನಾದರೂ ಆದರೆ? ಕಾರಿನಲ್ಲಿ ಹೊಗೆ ಎದ್ದು, ಮಗು ಕಟ್ಟಿಸಿಕೊಂಡು ಕೂತು, ತಾನು ಈ ದರಿದ್ರ ಬೆರಳಿನಿಂದ ಒತ್ತುತ್ತ ನಿಂತಿರುವುದು ಕಣ್ಣಿಗೆ ಕಟ್ಟಿತು.

"ಬಿಚ್ಚೇ ಇದನ್ನ," ಎಂದು ಮಗಳಿಗೆ ಹೇಳಿ ಪಕ್ಕಕ್ಕೆ ಸರಿದಳು. "ನನ್ನಿಂದ ಆಗಲ್ಲ."

ಮಗಳು ಬಿಚ್ಚಿ ಮಗುವನ್ನು ಎತ್ತಿಕೊಂಡಳು. ಅಮ್ಮನ ಬಾಯಿಂದ ಆ ಮಾತನ್ನು ಅವಳು ಕೇಳಿದ್ದು ಇದೇ ಮೊದಲು. ಅಳಿಯ ಆಗಲೇ ಮೊಬೈಲ್ ತೆಗೆದಿದ್ದ. "ಇದನ್ನ ಒತ್ತೋಕೆ ಅಂತಾನೇ ಒಂದು ಪ್ಲಾಸ್ಟಿಕ್ ಸಾಧನ ಸಿಗುತ್ತೆ ಅತ್ತೆ. ಕೀ ಥರ ಇರುತ್ತೆ."

"ಗಾಬರೀಲಿ ಆ ಕೀ ಹುಡುಕ್ತಾ ಕೂತ್ಕೊಳ್ಳಾ?"

"ಹಾಗಾದ್ರೆ ಬೇಡ ಬಿಡಮ್ಮ," ಎಂದಳು ಮಗಳು, ಆದಷ್ಟು ಮೆತ್ತಗೆ. "ಮಗು ನಮ್ಮತ್ತೆ ಮನೇಲೇ ಇರ್ಲಿ. ನೀನು ಭಾನುವಾರ ಬಾ."

ಭಾನುವಾರ! ನೆಂಟರು ಬಂದು ಹೋಗುವ ಹಾಗೆ. ವಾಪಸಮ್ಮ ಅಳಿಯನ ಕಡೆಗೆ ಕೈ ಚಾಚಿ, "ನಿಮ್ಮಮ್ಮನಿಗೆ ಫೋನ್ ಹಚ್ಚಿ ಕೊಡಿ," ಎಂದಳು.

ಮಗಳ ಮದುವೆಯಾದ ಈ ನಾಲ್ಕು ವರ್ಷದಲ್ಲಿ ಅವಳಾಗಿ ಬೀಗಿತ್ತಿಗೆ ಫೋನು ಮಾಡಿದ್ದು ಅದೇ ಮೊದಲು.

"ಬೀಗರೇ, ನಾನು. ಸೋಮವಾರದಿಂದ ಬೆಳಿಗ್ಗೆ ಸಂಜೆ ನನ್ನ ಕಾರಲ್ಲಿ ಮಗು ಜೊತೆ ಬರ್ತೀರಾ? ಹಗಲೆಲ್ಲ ನಮ್ಮನೇಲೇ ಇರ್ಬೇಕಾಗುತ್ತೆ."

"ಯಾಕೆ ಬೀಗರೇ, ಏನಾಯ್ತು?"

"ಸೀಟಿನ ಗುಂಡಿ ಒತ್ತೋಕೆ ನನ್ನ ಹೆಬ್ಬೆರಳು ಕೇಳ್ತಿಲ್ಲ. ನಿಮ್ದು ಬೇಕು."

"ಎಷ್ಟು ಗಂಟೆಗೆ ರೆಡಿ ಇರ್ಲಿ?" ಎಂದು ಕೇಳಿತು ಆ ಕಡೆಯ ಧ್ವನಿ. ಚುಚ್ಚಿ ಒಂದು ಮಾತಾಡಿದ್ದರೂ ವಾಪಸಮ್ಮನಿಗೆ ಸಮಾಧಾನವಾಗುತ್ತಿತ್ತು. ತಿರುಗಿ ನಾಲ್ಕು ಆಡಬಹುದಿತ್ತು.

ಸೋಮವಾರ ಎಂಟಕ್ಕೆ ಐದು ನಿಮಿಷವಿರುವಾಗಲೇ ಬೀಗಿತ್ತಿ ತನ್ನ ಮಗ-ಸೊಸೆಯ ಮನೆಯ ಮುಂದೆ ನಿಂತಿದ್ದಳು. ಮಗುವಿನ ಸೀಟಿಗೆ ಜಾಗ ಬಿಡಲು ಮುಂದಿನ ಸೀಟನ್ನು ಮುಂದಕ್ಕೆ ತಳ್ಳಿಯಾಗಿತ್ತು. ಆ ದೊಡ್ಡ ಮೈ ಅದರಲ್ಲಿ ಹೇಗೋ ತೂರಿಕೊಂಡು, ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿ, ಕೈಚೀಲವನ್ನು ಗಲ್ಲದ ಕೆಳಗೆ ಹಿಡಿದು ಕೂತಿತು. ನಮ್ಮ ದೊಡ್ಡ ಕಾರು ಇತ್ತಲ್ಲ ಎಂದು ಬೀಗಿತ್ತಿ ಒಮ್ಮೆಯೂ ಅನ್ನಲಿಲ್ಲ. ಆದರೆ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಹೋಗುವ ಬರುವ ಅಂಗಡಿಗಳ ಬೋರ್ಡನ್ನೆಲ್ಲ ಮಗುವಿಗೆ ಓದಿ ಹೇಳಿದಳು. ಓದು ಬಾರದ ಮಗುವಿಗೆ ಬೋರ್ಡು ಓದುವ ದಡ್ಡಿ ಎಂದು ವಾಪಸಮ್ಮ ಮನಸ್ಸಿನಲ್ಲೇ ಹಲ್ಲು ಕಡಿದಳು. ಮಗು ಪ್ರತಿ ಬೋರ್ಡಿಗೂ ನಕ್ಕಿತು.

ಮನೆಯ ಮುಂದೆ ಕಾರು ನಿಂತಿತು. ವಾಪಸಮ್ಮ ಬೇಗ ಇಳಿದು, ಹಿಂಬಾಗಿಲು ತೆರೆದು, ಎಡಗೈಯಿಂದ ಸೀಟನ್ನು ತಿರುಗಿಸಿದಳು. ಅಷ್ಟು ಅವಳ ಕೆಲಸ. ಬೀಗಿತ್ತಿ ಉಸಿರುಬಿಡುತ್ತ ಬಂದು ಪಕ್ಕದಲ್ಲಿ ನಿಂತಳು. ಬಟ್ಟೆ ಒಗೆಯದ, ಸೂಜಿ ಹಿಡಿಯದ ಆ ನುಣ್ಣನೆಯ ಹೆಬ್ಬೆರಳು ಗುಂಡಿಯ ಮೇಲೆ ಕೂತಿತಷ್ಟೇ, ಬಕಲು ಬಿಚ್ಚಿಕೊಂಡಿತು. ಇಪ್ಪತ್ತೇಳು ವರ್ಷ ದುಡಿದ ಬೆರಳಿಗೆ ಒಲಿಯದ್ದು ಏನೂ ದುಡಿಯದ ಬೆರಳಿಗೆ ಒಲಿಯಿತು. ವಾಪಸಮ್ಮನಿಗೆ ಹೊಟ್ಟೆ ಉರಿಯಿತು, ಅಳು ಬಂತು, ಯಾರನ್ನು ಬಯ್ಯಬೇಕೋ ತಿಳಿಯಲಿಲ್ಲ.

ಭುಜದಿಂದ ಪಟ್ಟಿ ಸರಿಯುತ್ತಲೇ ಮಗು ಎರಡೂ ಕೈ ಚಾಚಿತು. ವಾಪಸಮ್ಮ ತನ್ನ ಎಡಗೈಯನ್ನು ಮುಂದೆ ಮಾಡಿದಳು. ಆದರೆ ಕಟ್ಟು ಬಿಚ್ಚಿದವರು ಯಾರೋ ಅವರೇ ಎತ್ತಿಕೊಳ್ಳುವವರು ಎಂದು ಮಗುವಿಗೆ ಗೊತ್ತು. ಅದು ಬೀಗಿತ್ತಿಯ ಕತ್ತಿಗೆ ಜೋತುಬಿತ್ತು.

"ಅಯ್ಯೋ, ಅಜ್ಜಿ ಹತ್ರ ಹೋಗು ಪುಟ್ಟಿ," ಎಂದಳು ಬೀಗಿತ್ತಿ, ಕಸಿವಿಸಿಯಿಂದ. ಪುಟ್ಟಿ ಮುಖವನ್ನು ಇನ್ನೂ ಒಳಗೆ ಹುದುಗಿಸಿತು.

"ಇರ್ಲಿ ಬಿಡಿ," ಎಂದಳು ವಾಪಸಮ್ಮ. "ಬಿಸಿಲು ಹತ್ತುತ್ತೆ, ಒಳಗೆ ನಡೀರಿ."

ಅವರು ಮೆಟ್ಟಿಲು ಹತ್ತಿ ಹೋಗಿ ಬಾಗಿಲ ಮುಂದೆ ನಿಂತರು. ಬೀಗದ ಕೈ ವಾಪಸಮ್ಮನ ಬಳಿಯೇ ಇತ್ತು. ಅವರಿಬ್ಬರಿಗೆ ಬಾಗಿಲು ತೆಗೆಯಲು ಅವಳು ಬೇಗ ಬೇಗ ಹೆಜ್ಜೆ ಹಾಕಿದಳು.