ಪುತಳಾಬಾಯಿ ಟೀಚರ್ ಮನೆ ನೋಡುವ ಬಗೆ
ಕಮಲಾಪುರದಿಂದ ವರ್ಗವಾದ ಪುತಳಾಬಾಯಿ ಟೀಚರ್ ಕಲಬುರಗಿಯಲ್ಲಿ ಬಾಡಿಗೆ ಮನೆ ಹುಡುಕುವುದನ್ನು ನೋಡಿದರೆ, ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ ಎನಿಸುತ್ತದೆ. ನಲ್ಲಿ ತಿರುಗಿಸುತ್ತಾರೆ, ಗೋಡೆ ತಟ್ಟುತ್ತಾರೆ, ಇಸ್ತ್ರಿಯವನಿಂದ ಹಿಡಿದು ಹಾಲಿನವನ ತನಕ ಎಲ್ಲರನ್ನೂ "ಮಾಲಕರು ಸಿಟ್ಟಿನವರೇನ್ರೀ? ಸಪ್ಪಳಾದ್ರ ಬೈತಾರೇನ್ರೀ?" ಎಂದು ಕೇಳುತ್ತಾರೆ. ಹನ್ನೊಂದು ಮನೆ ಹೀಗೇ ಬಿಟ್ಟರು. ಹನ್ನೆರಡನೆಯದು ಶರಣಬಸವೇಶ್ವರ ಗುಡಿಯ ಹಿಂದಿನ ಸೂಗಪ್ಪನವರದು. ಅಲ್ಲಿ ಕರಾರುಪತ್ರಕ್ಕೆ ಸಹಿ ಮಾಡಲು ಹೋದ ಟೀಚರ್ ಪೆನ್ನು ಕೆಳಗಿಟ್ಟರು. "ನನ್ನ ಮಗಳು ಅಂಬಿಕಾಗ ಮಾತು ಬರಂಗಿಲ್ರೀ. ಅಂಜಿದ್ರ ಜೋರಾಗಿ ಚೀರ್ತಾಳ. ಅದಕ್ಕ ಎರಡು ಮನಿ ಬಿಡಿಸ್ಯಾರ್ರೀ," ಎಂದರು. ಸೂಗಪ್ಪ ಪತ್ರವನ್ನು ತಮ್ಮತ್ತ ಎಳೆದುಕೊಂಡರು. ಪುತಳಾಬಾಯಿ ಚೀಲ ಹೆಗಲಿಗೇರಿಸಿ ಎದ್ದರು. "ಕೂಡ್ರಿ ಟೀಚರ್. ಸಹಿ ನಾಳೆ ಮಾಡ್ರಿ," ಎಂದರು ಸೂಗಪ್ಪ, "ಮೊದಲ ಆಕಿನ್ನ ಕರಕೊಂಡ ಬರ್ರಿ. ಮನಿ ಆಕಿಗೂ ಪಸಂದ ಬರಬೇಕಲ್ಲ?"